ಟ್ರ್ಯಾಕ್ಟರಿನ ಮಾರ್ಪಾಡೂ ಇಂಜಿನಿನ ನಿಜವಾದ ಬಲವೂ

ಶೇಡಬಾಳ, ಉಗಾರ, ಕಾಗವಾಡ, ಐನಾಪುರ ಮೊದಲಾದ ಕೃಷ್ಣಾತೀರದ ಗ್ರಾಮಗಳಲ್ಲಿ ಟ್ರ್ಯಾಕ್ಟರು ಈಗ ಎತ್ತಿನ ಜೋಡಿಯ ಸ್ಥಾನವನ್ನು ಹೊಂದಿರುವದು. ನೇಗಿಲು ಹೊಡೆಯುವದು, ಹರಗುವದು, ಬೋದು ಏರಿಸುವದು, ಗೊಬ್ಬರ ಹೇರುವದು, ಕಬ್ಬನ್ನು ಕಾರಖಾನೆಗೆ ಮುಟ್ಟಿಸುವದು, ಈ ಯಾವತ್ತು ಕೆಲಸಗಳೂ ಅದರಿಂದಲೇ ನಡೆಯುತ್ತವೆ. ಎರೆಯ ಕೆಸರಿನಲ್ಲಿಯೂ ಬದುವಿನ ಮೇಲೆಯೂ ಡಾಂಬರು ರಸ್ತೆಯಲ್ಲಿಯೂ ಸಮನಾಗಿ ನಡೆಯಬಲ್ಲ ವಾಹನವು ನಮ್ಮ ಒಕ್ಕಲುತನದಲ್ಲಿ ಇದೊಂದೇ. ಹೀಗಿರಲು ಇದನ್ನು ತಮ್ಮ ಇಚ್ಛೆಯಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸವು ತರುಣರಲ್ಲಿ ಬೆಳೆದಿರುವದು ಆಶ್ಚರ್ಯವಲ್ಲ. ಇಂಧನದ ಪಂಪನ್ನು ಏರಿಸುವದು, ಸೈಲೆನ್ಸರನ್ನು ಕಿತ್ತು ನೆಟ್ಟನೆಯ ಕೊಳವೆಯನ್ನಿಡುವದು, ದೊಡ್ಡ ಗಾಲಿಗಳನ್ನು ಹಾಕುವದು, ಒಂದರ ಹಿಂದೊಂದು ಟ್ರಾಲಿಗಳನ್ನು ಜೋಡಿಸಿ ಜಗ್ಗುವದು, ಇವೇ ಆ ಮಾರ್ಪಾಡುಗಳು. ಮಾರ್ಪಾಡೆಲ್ಲವೂ ಕೆಟ್ಟದ್ದೆಂದು ಸಾಧಿಸುವದು ಈ ಲೇಖನದ ಉದ್ದೇಶವಲ್ಲ. ಇಂಜಿನು ಹೇಗೆ ದುಡಿಯುವದೆಂಬದನ್ನು ಅರಿತು ಮಾಡಿದ ಮಾರ್ಪಾಡು ಲಾಭದಾಯಕವು. ಅರಿಯದೆ ಮಾಡಿದ್ದು ಧನಹಾನಿಗೂ ಪ್ರಾಣಹಾನಿಗೂ ಕಾರಣವು. ಇವೆರಡರ ಭೇದವನ್ನು ಊರಿನ ಹಿರಿಯರೂ ಜಮೀನುದಾರರೂ ತಿಳಿದು ಇತರರಿಗೆ ತಿಳಿಸತಕ್ಕದ್ದೆಂಬದೇ ನಮ್ಮ ವಿಜ್ಞಾಪನೆ.

ಉಪಕರಣಗಳ ಸುಧಾರಣೆಯು ನಮ್ಮ ಜಿಲ್ಲೆಗೆ ಹೊಸದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ನಡೆಸುತ್ತಿದ್ದು, 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣವು ತಗುಲಿದರೆ ಭೂಮಿಗೆ ವಿಷವೇರುವದೆಂದು ಅಂಜಿ ಆ ಕಾಲದ ರೈತರು ಅದನ್ನು ಬಹುದಿನ ಮುಟ್ಟಲಿಲ್ಲ. ಮುಂದೆ ಆ ನೇಗಿಲೇ ಮನೆಮಾತಾಯಿತು. ಹೊಸದೆಂಬ ಕಾರಣದಿಂದಲೇ ಒಂದನ್ನು ತಿರಸ್ಕರಿಸುವದು ಸಲ್ಲದೆಂಬದು ಇದರಿಂದ ಸಿದ್ಧವಾಗುತ್ತದೆ. ಆದರೆ ಒಳ್ಳೆಯ ನೇಗಿಲನ್ನು ಮಾಡುವವನು ಮಣ್ಣಿನ ಗುಣವನ್ನೂ ಎತ್ತಿನ ಶಕ್ತಿಯನ್ನೂ ಲೆಕ್ಕಹಾಕಿಯೇ ಮಾಡುತ್ತಾನೆ. ಈಗಿನ ಪಂಪು ಏರಿಸುವ ಪದ್ಧತಿಯಲ್ಲಿ ಯಾವ ಲೆಕ್ಕವೂ ಇರುವದಿಲ್ಲ. ಹೊಗೆಯ ಕಪ್ಪನ್ನೂ ಸದ್ದಿನ ಆರ್ಭಟವನ್ನೂ ನೋಡಿ ಬಲವನ್ನು ಅಳೆಯಲಾಗುತ್ತದೆ.

ಬಲವೆಂದರೇನೆಂಬದನ್ನು ಮೊದಲು ವಿಚಾರಿಸೋಣ. 75 ಕಿಲೊಗ್ರಾಮು ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಶಕ್ತಿಗೆ ಒಂದು ಅಶ್ವಶಕ್ತಿಯೆನ್ನುವರು. ಇಂಜಿನಿನ ದಂಡವನ್ನು ತಿರುಗಿಸುವ ಒತ್ತಡಕ್ಕೆ ತಿರುಚುಬಲವೆಂಬ ಹೆಸರು. ಈ ತಿರುಚುಬಲವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂಬದರಿಂದ ಗುಣಿಸಿ 716ರಿಂದ ಭಾಗಿಸಿದರೆ ಅಶ್ವಶಕ್ತಿಯು ಬರುವದು. ಉದಾಹರಣೆಗೆ, ಒಂದು ಇಂಜಿನು 2000 ಸುತ್ತಿನಲ್ಲಿ 16 ಕಿಲೊಗ್ರಾಮು-ಮೀಟರು ತಿರುಚುಬಲವನ್ನು ಕೊಟ್ಟರೆ ಅದು ಸುಮಾರು 45 ಅಶ್ವಶಕ್ತಿಯು. ಅದೇ ಇಂಜಿನು 1400 ಸುತ್ತಿಗೆ ಇಳಿದಾಗ ತಿರುಚುಬಲವು 18ಕ್ಕೆ ಏರಿದರೂ ಅಶ್ವಶಕ್ತಿಯು 35ಕ್ಕೆ ಇಳಿಯುವದು. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಇಂಜಿನಿನ ಸುತ್ತು ಇಳಿದರೂ ಒಮ್ಮೆಲೇ ನಿಲ್ಲದೆ ಜಗ್ಗಿಕೊಂಡು ಹೋಗುವದು ಈ ಏರಿದ ತಿರುಚುಬಲದಿಂದಲೇ. ಆದಕಾರಣ ಟ್ರ್ಯಾಕ್ಟರನ್ನು ಕೊಳ್ಳುವವರು ಅಶ್ವಶಕ್ತಿಯ ಅಂಕಿಯೊಂದನ್ನೇ ಕೇಳದೆ, ಎಷ್ಟು ಸುತ್ತಿನಲ್ಲಿ ಎಷ್ಟು ತಿರುಚುಬಲವಿರುವದೆಂಬದನ್ನೂ ಕೇಳತಕ್ಕದ್ದು. ಮಧ್ಯಪ್ರದೇಶದ ಬುದನಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಕೃಷಿಯಂತ್ರ ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಈ ಅಂಕಿಗಳನ್ನು ವರದಿಯಲ್ಲಿ ಕೊಡುತ್ತದೆ. ಮಾರುವವನ ಬಾಯಿಮಾತಿಗಿಂತ ಆ ವರದಿಯು ಹೆಚ್ಚು ನಂಬತಕ್ಕದ್ದು.

ಇನ್ನು ಇಂಜಿನಿನ ಒಳಗೆ ನಡೆಯುವದನ್ನು ನೋಡೋಣ. ರುಡೋಲ್ಫ್ ಡೀಸೆಲನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಇಂಜಿನಿನ ತತ್ತ್ವವೇ ಇಂದಿಗೂ ನಡೆದಿರುವದು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾದ ಗಾಳಿಯಲ್ಲಿ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯಿಲ್ಲದೆಯೇ ಉರಿಯುತ್ತದೆ. ಒಂದು ಕಿಲೊಗ್ರಾಮು ಡೀಸೆಲು ಪೂರ್ಣವಾಗಿ ಉರಿಯಲು ಸುಮಾರು 14½ ಕಿಲೊಗ್ರಾಮು ಗಾಳಿಯು ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಇನ್ನೂ ಹೆಚ್ಚು ಬೇಕು. ಹೀಗೆ ಹುಟ್ಟಿದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುವದು. ಉಳಿದದ್ದು ರೇಡಿಯೇಟರಿನ ನೀರಿಗೂ ಹೊಗೆಯ ಕೊಳವೆಗೂ ಹೋಗುವದು. ಒಲೆಗೆ ಗಾಳಿಯಾಡದಂತೆ ಕಟ್ಟಿಗೆಯನ್ನು ತುರುಕಿದರೆ ಉರಿಯು ಹೆಚ್ಚದೆ ಹೊಗೆಯು ಹೆಚ್ಚುವದೆಂಬದನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಇಂಜಿನಿನ ನ್ಯಾಯವೂ ಅದೇ.

ಪಂಪು ಏರಿಸುವದೆಂದರೆ, ಕಂಪನಿಯವರು ಅಳತೆಮಾಡಿ ಮೊಹರು ಹಾಕಿದ ತಿರುಪನ್ನು ಬಿಚ್ಚಿ, ಒಂದೊಂದು ಸಿಂಪಡಿಕೆಗೂ ಹೆಚ್ಚು ಎಣ್ಣೆಯು ಬೀಳುವಂತೆ ಮಾಡುವದು. ಗಾಳಿಯು ಇದ್ದಷ್ಟೇ ಇರುವದು. ಇದರಿಂದ ಇಂಜಿನು ಮೊದಲಿಗಿಂತ ಸ್ವಲ್ಪ ಹೆಚ್ಚು ಜಗ್ಗುವದು ಸುಳ್ಳಲ್ಲ. ಆದರೆ ಹೆಚ್ಚಾಗಿ ಹಾಕಿದ ಎಣ್ಣೆಯ ಬಹುಭಾಗವು ಅರೆಬೆಂದು ಕಪ್ಪು ಹೊಗೆಯಾಗಿ ಹೋಗುವದು. ಹೊಗೆಯ ಕಾವು ಏರಿ ವಾಲ್ವುಗಳು ಸುಡುವವು, ಪಿಸ್ಟನ್ನಿನ ತಲೆಯು ಬಿರಿಯುವದು; ಉರಿಯದ ಡೀಸೆಲು ಸಿಲಿಂಡರಿನ ಗೋಡೆಯಿಂದ ಇಳಿದು ಕೆಳಗಿನ ಆಯಿಲ್ಲನ್ನು ತೆಳ್ಳಗೆ ಮಾಡಿ ಬೇರಿಂಗುಗಳನ್ನು ಸವೆಸುವದು. ಇದಕ್ಕಾಗಿ ತಾಸಿಗೆ ಒಂದೇ ಲೀಟರು ಹೆಚ್ಚು ಖರ್ಚಾಗುವದೆಂದು ಇಟ್ಟುಕೊಂಡರೂ, ವರ್ಷಕ್ಕೆ 800 ತಾಸು ದುಡಿಯುವ ಟ್ರ್ಯಾಕ್ಟರು 800 ಲೀಟರನ್ನು ಹೆಚ್ಚಾಗಿ ಕುಡಿಯುವದು. ಲೀಟರಿಗೆ 90 ರೂಪಾಯಿಯಂತೆ ಅದು 72,000 ರೂಪಾಯಿ. ಬ್ಯಾಂಕಿನ ಸಾಲದ ಕಂತು ತುಂಬಬೇಕಾದ ಹಣವು ಹೀಗೆ ಹೊಗೆಯಾಗಿ ಹೋಗುವದನ್ನು ಯಾವ ಜಮೀನುದಾರನೂ ತಿಳಿದೂ ತಿಳಿದೂ ಒಪ್ಪಲಾರನು.

ಬೇರೆ ಕೆಲವರು ಗವರ್ನರನ್ನು ತಿರುವಿ ಸುತ್ತಿನ ಮಿತಿಯನ್ನು ಏರಿಸುವರು. ಕನೆಕ್ಟಿಂಗ್ ರಾಡಿನ ಮೇಲಿನ ಸೆಳೆತವು ಸುತ್ತಿನ ವರ್ಗದ ಪ್ರಮಾಣದಲ್ಲಿ ಹೆಚ್ಚುವದೆಂಬದನ್ನು ಅವರು ಅರಿಯರು. 2000 ಸುತ್ತಿನ ಇಂಜಿನನ್ನು 2400ಕ್ಕೆ ಓಡಿಸಿದರೆ ವೇಗವು ಐದನೆಯ ಒಂದಂಶ ಮಾತ್ರ ಹೆಚ್ಚುವದಾದರೂ ಸೆಳೆತವು 44 ಪ್ರತಿಶತ ಹೆಚ್ಚುವದು. ಹೊರಗಿನಿಂದ ಟರ್ಬೊ ತಂದು ಕೂಡಿಸಿದರೆ ಗಾಳಿಯ ಕೊರತೆಯು ನೀಗುವದು ನಿಜ; ಆದರೆ ರೇಡಿಯೇಟರು, ಕ್ಲಚ್ಚು, ಗೇರುಗಳು, ಹಿಂದಿನ ಅಚ್ಚು ಇವೆಲ್ಲ ಹಳೆಯ ಬಲಕ್ಕೆ ತಕ್ಕಂತೆಯೇ ಉಳಿಯುವವು. ಕಿರಿಯ ಎತ್ತಿನ ಹೆಗಲಿಗೆ ಹಿರಿಯ ನೊಗವನ್ನು ಇಟ್ಟಂತೆಯೇ ಇದು. ಸೈಲೆನ್ಸರನ್ನು ಕಿತ್ತರೆ ಬರುವ ಲಾಭವು ಅತ್ಯಲ್ಪ. ಒಣಗಿದ ರವದಿಯ ಹೊಲದಲ್ಲಿ ಕಿಡಿಯು ಹಾರಿದರೆ ಆಗುವ ಹಾನಿಯು ಅಪಾರ. ಎರೆಯ ಧೂಳು ಏಳುವ ನಮ್ಮ ನಾಡಿನಲ್ಲಿ ಗಾಳಿಯ ಜಾಲರಿಯನ್ನು ತೆಗೆದು ಓಡಿಸುವದಂತೂ ಸಿಲಿಂಡರಿಗೆ ಮರಳನ್ನು ತಿನ್ನಿಸಿದ ಹಾಗೆಯೇ.

ಹಾಗಾದರೆ ಟ್ರ್ಯಾಕ್ಟರು ಹೊಲದಲ್ಲಿ ಸೋಲುವದೇಕೆ? ಬಹುಶಃ ದೋಷವು ಇಂಜಿನಿನಲ್ಲಿ ಇರುವದಿಲ್ಲ, ಗಾಲಿಯಲ್ಲಿ ಇರುವದು. ಇಂಜಿನು ಕೊಟ್ಟ ಬಲವು ಗಾಲಿಯ ಜಾರಿಕೆಯಲ್ಲಿ ಸೋರಿಹೋಗುತ್ತದೆ. ಇದನ್ನು ಅಳೆಯುವದಕ್ಕೆ ಒಂದು ಸುಣ್ಣದ ಗುರುತು ಸಾಕು. ಹಿಂದಿನ ಗಾಲಿಗೆ ಗುರುತು ಹಾಕಿ, ನೇಗಿಲನ್ನು ಎತ್ತಿಕೊಂಡು ಹೊಲದಲ್ಲಿ ಗಾಲಿಯು ಹತ್ತು ಸುತ್ತು ತಿರುಗುವವರೆಗೆ ನಡೆಸಿ ದೂರವನ್ನು ಅಳೆಯಿರಿ. ಬಳಿಕ ನೇಗಿಲನ್ನು ಇಳಿಸಿ ಉಳುತ್ತ ಅದೇ ಹತ್ತು ಸುತ್ತಿನ ದೂರವನ್ನು ಅಳೆಯಿರಿ. ಮೊದಲನೆಯದು 40 ಮೀಟರು, ಎರಡನೆಯದು 35 ಮೀಟರು ಆದರೆ ಜಾರಿಕೆಯು 12½ ಪ್ರತಿಶತ. 8ರಿಂದ 15ರ ವರೆಗೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಟಾಯರು ಸವೆಯುವದು, ಡೀಸೆಲು ವ್ಯರ್ಥವಾಗುವದು. ತೀರ ಕಡಿಮೆಯಿದ್ದರೆ ಅನಾವಶ್ಯಕ ಭಾರವನ್ನು ಹೊತ್ತು ನೆಲವನ್ನು ತುಳಿಯುತ್ತಿರುವಿರೆಂದು ತಿಳಿಯತಕ್ಕದ್ದು.

ಇಲ್ಲಿಯೇ ಯೋಗ್ಯವಾದ ಮಾರ್ಪಾಡಿಗೆ ಅವಕಾಶವುಂಟು. ಜಾರಿಕೆ ಹೆಚ್ಚಿದ್ದರೆ ಹಿಂದಿನ ಟಾಯರಿಗೆ ನೀರು ತುಂಬಿಸುವದು ಅಥವಾ ಗಾಲಿಗೆ ಬೀಡಿನ ತೂಕಗಳನ್ನು ಕಟ್ಟುವದು. ಭಾರವಾದ ಉಪಕರಣವನ್ನು ಹಿಂದೆ ತೂಗುಹಾಕಿದಾಗ ಮುಂದೆ ತೂಕವನ್ನಿಡುವದು. ಕಬ್ಬಿನ ಸಾಲಿನ ಅಂತರಕ್ಕೆ ತಕ್ಕಂತೆ ಗಾಲಿಗಳ ನಡುವಣ ಅಗಲವನ್ನು ಸರಿಪಡಿಸುವದು. ಕೆಸರುಗದ್ದೆಗೆ ಪಂಜರದ ಗಾಲಿಯನ್ನು ಜೋಡಿಸುವದು. ಹೊಲಕ್ಕೂ ರಸ್ತೆಗೂ ತಕ್ಕಂತೆ ಗಾಳಿಯ ಒತ್ತಡವನ್ನು ಪುಸ್ತಕದಲ್ಲಿ ಹೇಳಿದಂತೆ ಬದಲಿಸುವದು, ಇವೆಲ್ಲ ಯಂತ್ರವನ್ನು ಮಾಡಿದವರೇ ಆಲೋಚಿಸಿ ಬಿಟ್ಟಿರುವ ಮಾರ್ಪಾಡುಗಳು. ಇಷ್ಟರಿಂದಲೂ ಕೆಲಸವಾಗದಿದ್ದರೆ, ಸಣ್ಣ ಇಂಜಿನನ್ನು ಹಿಂಡುವದಕ್ಕಿಂತ ನಾಲ್ಕು ಗಾಲಿಗಳಿಗೂ ಬಲವಿರುವ ಟ್ರ್ಯಾಕ್ಟರನ್ನು ಆ ಕೆಲಸದ ಮಟ್ಟಿಗೆ ಬಾಡಿಗೆಗೆ ತರುವದು ಲೇಸು.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಕಡಿದ ಕಬ್ಬು ಹೊತ್ತು ಕಳೆದಂತೆ ಸಕ್ಕರೆಯನ್ನು ಕಳೆದುಕೊಳ್ಳುವದು. 1939ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆಗಾಗಲಿ ನೆರೆಯ ಕಾರಖಾನೆಗಳಿಗಾಗಲಿ ಬೇಗನೆ ಮುಟ್ಟಿಸದಿದ್ದರೆ ರೈತನಿಗೇ ನಷ್ಟ. ಸಾಗಿಸುವವನಿಗೆ ಕೂಲಿಯು ಟನ್ನಿನ ಲೆಕ್ಕದಲ್ಲಿ ಬರುವದು. ಆದಕಾರಣ ಹೆಚ್ಚು ಹೇರಿ, ಹೆಚ್ಚು ಜಗ್ಗದೆ ಗತ್ಯಂತರವಿಲ್ಲವೆಂದು ಹೇಳುವರು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಜಗ್ಗುವದು ಅರ್ಧ ಕೆಲಸ, ನಿಲ್ಲಿಸುವದು ಉಳಿದರ್ಧ. 2 ಟನ್ನು ತೂಕದ ಟ್ರ್ಯಾಕ್ಟರು 20 ಟನ್ನಿನ ಎರಡು ಟ್ರಾಲಿಗಳನ್ನು ಹೇಗೋ ಎಳೆದೀತು. ಟ್ರಾಲಿಗಳಿಗೆ ಬ್ರೇಕಿಲ್ಲದಿದ್ದರೆ ಇಳಿಜಾರಿನಲ್ಲಿ ಅದು ಅವನ್ನು ತಡೆಯಲಾರದು. ಪಂಪನ್ನು ಎಷ್ಟು ಏರಿಸಿದರೂ ಬ್ರೇಕು ಏರುವದಿಲ್ಲ. ವೇಗವು ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರವು ನಾಲ್ಕುಮಡಿಯಾಗುವದು. ಕೊಕ್ಕೆಯನ್ನು ಅಚ್ಚಿಗಿಂತ ಮೇಲೆ ಕಟ್ಟಿ ಜಗ್ಗಿದರೆ ಮುಂದಿನ ಗಾಲಿಗಳು ಎದ್ದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚಿಬೀಳುವದು. ರಾತ್ರಿಯಲ್ಲಿ ಹಿಂದಿನ ದೀಪವಾಗಲಿ ಕೆಂಪು ಪ್ರತಿಫಲಕವಾಗಲಿ ಇಲ್ಲದೆ ರಸ್ತೆಯಲ್ಲಿ ನಿಂತ ಕಬ್ಬಿನ ಟ್ರಾಲಿಯು ಹಿಂದಿನಿಂದ ಬರುವ ಸೈಕಲ್ಲು ಮೋಟಾರಿನವನಿಗೆ ಗೋಡೆಯೇ ಸರಿ. ಹಸಿಯಾದ ಎರೆಯಲ್ಲಿ ಇಷ್ಟು ಭಾರವನ್ನು ಹೊಗಿಸಿದರೆ ಕೆಳಮಣ್ಣು ಗಟ್ಟಿಯಾಗಿ ಬೇರೂ ನೀರೂ ಇಳಿಯದೆ ಕುಳೆ ಕಬ್ಬು ಸೊರಗುವದು. ಮೊದಲೇ ಸವಳು-ಜವಳಿನಿಂದ ನೊಂದಿರುವ ನದೀತೀರದ ಭೂಮಿಗೆ ಇದು ಗಾಯದ ಮೇಲಿನ ಬರೆಯಾಗುವದು.

ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಪತ್ರದ ವಿವರವು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮವಾದ ಒಂದೊಂದು ಮಾರ್ಪಾಡಿಗೂ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಮಿತಿಮೀರಿದ ಭಾರಕ್ಕೆ 20,000 ರೂಪಾಯಿಯೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ದಂಡವುಂಟು. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು ಬಂದೀತು. ಚಾಲಕನು ಬಡ ಕೂಲಿಕಾರನಿರಬಹುದು. ಮಾರ್ಪಾಡಿನ ಹೊಣೆಯು ಒಡೆಯನದೇ ಎಂಬದನ್ನು ಜಮೀನುದಾರರು ನೆನಪಿನಲ್ಲಿಡಬೇಕು.

ಆದರೂ ದಂಡದ ಅಂಜಿಕೆಯೊಂದರಿಂದಲೇ ಊರು ಸುಧಾರಿಸುವದಿಲ್ಲ. ಹಿರಿಯರ ನಡೆಯಿಂದಲೇ ಅದು ಆಗತಕ್ಕದ್ದು. ಆದಕಾರಣ ಪ್ರತಿಯೊಂದು ಗ್ರಾಮದ ಮುಖಂಡರು ಕಬ್ಬು ನುರಿಸುವ ಹಂಗಾಮು ಪ್ರಾರಂಭವಾಗುವ ಮುಂಚೆ ಟ್ರ್ಯಾಕ್ಟರಿನ ಒಡೆಯರನ್ನೂ ಚಾಲಕರನ್ನೂ ಒಂದೆಡೆ ಕೂಡಿಸಬೇಕು. ಟ್ರಾಲಿಗಳ ಬ್ರೇಕು, ಕೊಕ್ಕೆ, ಹಿಂದಿನ ದೀಪ, ಪ್ರತಿಫಲಕ ಇವುಗಳನ್ನು ಅಂದೇ ಪರೀಕ್ಷಿಸಬೇಕು. ಹೊಲದ ದಾರಿಯ ತಗ್ಗುಗಳನ್ನು ಎಲ್ಲರೂ ಕೂಡಿ ತುಂಬಿಸಿದರೆ ಇಂಜಿನಿನ ಮೇಲಿನ ಹೊರೆಯು ತಾನಾಗಿಯೇ ಇಳಿಯುವದು. ಕಟಾವಿಗೆ ಮುಂಚಿತವಾಗಿ ನೀರನ್ನು ನಿಲ್ಲಿಸಿ ನೆಲವನ್ನು ಒಣಗಗೊಟ್ಟರೆ ಟ್ರಾಲಿಯು ಹುಗಿಯುವದಿಲ್ಲ, ಪಂಪನ್ನು ಏರಿಸಬೇಕೆಂಬ ಆಸೆಯೂ ಹುಟ್ಟುವದಿಲ್ಲ. ಕಾರಖಾನೆಯವರೊಡನೆ ಮಾತಾಡಿ ಕಟಾವಿನ ಪಾಳಿಯನ್ನು ಸರಿಯಾಗಿ ಗೊತ್ತುಮಾಡಿಕೊಂಡರೆ ಅವಸರವೂ ಕಡಿಮೆಯಾಗುವದು. ಜಾತ್ರೆಗಳಲ್ಲಿ ಟ್ರ್ಯಾಕ್ಟರಿನ ಪಂದ್ಯವನ್ನು ಏರ್ಪಡಿಸುವವರು ಹೊಗೆಯೂ ಸದ್ದೂ ಹೆಚ್ಚಿದವನಿಗೆ ಬಹುಮಾನವನ್ನು ಕೊಡದೆ, ಒಂದು ಲೀಟರು ಡೀಸೆಲಿನಲ್ಲಿ ಎಲ್ಲರಿಗಿಂತ ಹೆಚ್ಚು ನೆಲವನ್ನು ಒಪ್ಪವಾಗಿ ಉತ್ತವನಿಗೆ ಕೊಡಲಿ. ಆಗ ತರುಣರ ಉತ್ಸಾಹವೂ ಜಾಣತನವೂ ಸರಿಯಾದ ದಾರಿಗೆ ಹತ್ತುವವು.

ಹೆಚ್ಚೇಕೆ? ಒಳ್ಳೆಯ ಒಕ್ಕಲಿಗನು ತನ್ನ ಎತ್ತಿನ ಮೈಯನ್ನು ನೋಡಿ ಹೇರನ್ನು ನಿಶ್ಚಯಿಸುತ್ತಿದ್ದನೇ ಹೊರತು, ಬಾರುಕೋಲಿನ ಉದ್ದವನ್ನು ನೋಡಿ ಅಲ್ಲ. ಟ್ರ್ಯಾಕ್ಟರಿಗೆ ಬಾಯಿಲ್ಲದಿದ್ದರೂ ಕಪ್ಪು ಹೊಗೆ, ಏರಿದ ಕಾವು, ಜಾರುವ ಗಾಲಿ ಇವುಗಳ ಮೂಲಕ ಅದು ತನ್ನ ಕಷ್ಟವನ್ನು ತಿಳಿಸುತ್ತಲೇ ಇರುತ್ತದೆ. ಆ ಭಾಷೆಯನ್ನು ಬಲ್ಲ ಒಡೆಯನ ಯಂತ್ರವು ಬಹುಕಾಲ ಬಾಳುವದು. ಅವನ ಮನೆಯ ಮಕ್ಕಳೂ ಹೊತ್ತು ಮುಳುಗುವದರೊಳಗೆ ಕ್ಷೇಮವಾಗಿ ಮನೆಯನ್ನು ಸೇರುವರು.