ನಗಿಸುವ ಹಕ್ಕು ಯಾರದು?

ವಸು ಪ್ರಿಮ್ಲಾನಿ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಲಿಕ್ಕಿಲ್ಲ. ವೇದಿಕೆಯ ಮೇಲೆ ಒಬ್ಬರೇ ನಿಂತು ಮೈಕು ಹಿಡಿದು ಜನರನ್ನು ನಗಿಸುವುದು ಅವರ ಕಸುಬು. ಪಟ್ಟಣದವರು ಇದನ್ನು ಸ್ಟ್ಯಾಂಡ್ ಅಪ್ ಕಾಮೆಡಿ ಎನ್ನುತ್ತಾರೆ. ನಮ್ಮ ಹಾಸ್ಯಸಂಜೆಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಅವರು ಸ್ತ್ರೀವಾದಿ. ತಾವು ಹೆಣ್ಣನ್ನು ಪ್ರೀತಿಸುವ ಹೆಣ್ಣೆಂಬುದನ್ನು ಮುಚ್ಚಿಡದೆ ಹೇಳಿಕೊಂಡವರು. ಪರಿಸರದ ನಾಶ, ಅತ್ಯಾಚಾರ ಮುಂತಾದ, ನಗುವುದಕ್ಕೇ ಬಾರದ ಸಂಗತಿಗಳನ್ನು ವೇದಿಕೆಗೆ ತಂದವರು.

2015ರ ಸಾಲಿನ ನಾರೀಶಕ್ತಿ ಪುರಸ್ಕಾರವನ್ನು ಕೇಂದ್ರ ಸರ್ಕಾರ ಅವರಿಗೆ ಕೊಟ್ಟಿತು. ಆ ಹೊತ್ತಿಗೆ ದೇಶದ ಕಾನೂನು ಏನಿತ್ತು? ಸಲಿಂಗ ಸಂಬಂಧವನ್ನು ಅಪರಾಧವೆನ್ನುವ, ಬ್ರಿಟಿಷರು ಬಿಟ್ಟುಹೋದ 377ನೆಯ ಕಲಮನ್ನು 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿ ನಿಲ್ಲಿಸಿತ್ತು. ಒಂದು ಕೈಯಲ್ಲಿ ಪ್ರಶಸ್ತಿ, ಇನ್ನೊಂದು ಕೈಯಲ್ಲಿ ಬೇಡಿ! ಇದಕ್ಕಿಂತ ದೊಡ್ಡ ಹಾಸ್ಯವನ್ನು ಯಾವ ಹಾಸ್ಯಗಾರ ಕಟ್ಟಿಯಾನು? 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ಬೇಡಿಯನ್ನು ಕಳಚಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರಿನಲ್ಲಿ ಕೊಡಲೊಪ್ಪಲಿಲ್ಲ.

ಅಮೆರಿಕದಲ್ಲಿ ಕೇಟ್ ಕ್ಲಿಂಟನ್ ಎಂಬಾಕೆ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವುದನ್ನು ಬಿಟ್ಟು, 1981ರಲ್ಲಿ ಇದೇ ದಾರಿ ಹಿಡಿದು, ದಶಕಗಳ ಕಾಲ ಆಳುವವರನ್ನು ಗೇಲಿ ಮಾಡಿಯೇ ಬದುಕಿದರು.

ಇದೆಲ್ಲ ದಿಲ್ಲಿಯ, ಪರದೇಶದ ಮಾತಾಯಿತು. ದೇವದುರ್ಗಕ್ಕೂ ಮಾನ್ವಿಗೂ ಇದರಿಂದೇನು ಎನ್ನುವವರಿದ್ದಾರೆ. ಅವರು ನಮ್ಮೂರುಗಳ ಹಾಸ್ಯದ ವೇದಿಕೆಯನ್ನೊಮ್ಮೆ ನೋಡಲಿ. ಹೆಂಡತಿಯ ಬಾಯಿ, ಹೆಂಡತಿಯ ಮೈ, ಸೀರೆ ಉಟ್ಟ ಗಂಡಸು: ಇಷ್ಟನ್ನು ತೆಗೆದರೆ ಎಷ್ಟೋ ಹಾಸ್ಯಗಾರರ ಜೋಳಿಗೆ ಬರಿದು. ಸುಧಾ ಬರಗೂರು, ಇಂದುಮತಿ ಸಾಲಿಮಠರಂಥವರು ಮೈಕು ಹಿಡಿದು ನಿಂತದ್ದನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಅವರ ಹಿಂದೆ ಸಾಲು ಬೆಳೆಯಬೇಕಿತ್ತು.

ನಮ್ಮ ಹೆಂಗಸರಿಗೆ ನಗಿಸಲು ಬಾರದೆ? ಮದುವೆಯಲ್ಲಿ ಬೀಗರಿಗೆ ಹಾಡುವುದನ್ನು ಕೇಳಿದವರಿಗೆ ಉತ್ತರ ಗೊತ್ತು. ಮೀಸೆ ತಿರುವಿಕೊಂಡು ಕುಳಿತ ಬೀಗ ಎರಡು ಹಾಡಿಗೆ ತಲೆ ತಗ್ಗಿಸುತ್ತಾನೆ. ಮಾನ್ವಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ಭತ್ತದ ನಾಟಿಗೆ ಬಾಗಿದ ಹೆಂಗಸರು ಒಡೆಯನ ನಡಿಗೆಯನ್ನೂ ಮಾತನ್ನೂ ಅಣಕಿಸುವುದುಂಟು. ಗಂಡಾಳಿಗಿಂತ ಕಡಿಮೆ ಕೂಲಿ ಪಡೆಯುವವರ ನಗೆ ಅದು. ಅದಕ್ಕೆ ಟಿಕೆಟ್ಟಿಲ್ಲ, ಸಂಭಾವನೆಯಿಲ್ಲ. ಒಡೆಯ ಹತ್ತಿರ ಬಂದರೆ ನಿಂತೂ ಹೋಗುತ್ತದೆ.

ಇನ್ನು, ದೇವದುರ್ಗದ ಕಡೆಯಿಂದ ಗುಳೆ ಹೋಗುವವರ ನಡುವೆ ಒಬ್ಬಳು ಹುಡುಗಿ ಗೆಳತಿಯನ್ನೇ ಮನಸಾರೆ ಮೆಚ್ಚಿದ್ದಾಳೆನ್ನಿ. ತನ್ನಂಥವರು ಇದ್ದಾರೆಂದು ಆಕೆಗೆ ಹೇಳುವವರು ಯಾರು? ಆಕೆಯ ಕಿವಿಗೆ ಬೀಳುವುದು ಪೆಂಡಾಲಿನ ಕುಚೋದ್ಯದ ಮಾತೊಂದೇ. ಪ್ರಿಮ್ಲಾನಿಯವರಂಥವರ ಹಾಸ್ಯ ದೊಡ್ಡ ನಗರಗಳಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ, ಟಿಕೆಟ್ಟು ಕೊಳ್ಳಬಲ್ಲವರಿಗೆ ನಡೆಯುತ್ತದೆ. ಆ ನಗರಗಳ ಕಟ್ಟಡಕ್ಕೆ ಇಟ್ಟಿಗೆ ಹೊರುವವಳಿಗೆ ಅದು ಎಟುಕುವುದಿಲ್ಲ. ನಮ್ಮ ತಕರಾರು ಇಲ್ಲಿದೆ.

ಮಾರ್ಚ್ 8ರ ಮಹಿಳಾ ದಿನಾಚರಣೆಯಲ್ಲಿ ಮಂತ್ರಿಗಳ ಭಾಷಣ, ಹಾರ, ಶಾಲು ಇದ್ದದ್ದೇ. ರಾಯಚೂರಿನ ಜಂಬಲದಿನ್ನಿ ರಂಗಮಂದಿರದ ಮೈಕನ್ನು ಆ ದಿನ ಒಂದು ತಾಸು ನಾಟಿಯ ಹೆಂಗಸರ ಕೈಗೆ ಕೊಡಲಿ. ಮಂತ್ರಿಗಳೂ ಅಧಿಕಾರಿಗಳೂ ಮೊದಲ ಸಾಲಿನಲ್ಲೇ ಕೂಡಲಿ.