ನೆಗ್ಗಿಲ ಕಷಾಯವೂ ಮೂತ್ರದ ಉರಿಯೂ

ಬಯಲುಸೀಮೆಯ ಹೊಲದ ಬದುಗಳಲ್ಲಿ ತಾನಾಗಿಯೇ ಹಬ್ಬುವ ನೆಗ್ಗಿಲನ್ನು ಅರಿಯದ ರೈತನಿಲ್ಲ. ಮುಳ್ಳುಗಾಯಿಯ ಈ ಕಳೆಯನ್ನೇ ವೈದ್ಯಗ್ರಂಥಗಳು ಗೋಕ್ಷುರವೆಂದೂ ಶ್ವದಂಷ್ಟ್ರಾ ಎಂದೂ ಕರೆಯುವುವು. ಮೂತ್ರವನ್ನು ಹೆಚ್ಚಿಸುವುವೆಂದು ಚರಕಸಂಹಿತೆಯು ಹೇಳಿದ ಹತ್ತು ಮೂಲಿಕೆಗಳಲ್ಲಿ ಇದೂ ಒಂದು. ಮೂತ್ರದ ಉರಿಗೆ ಇದರ ಕಷಾಯವನ್ನು ಕೊಡುವ ವಾಡಿಕೆಯು ಬಹುಕಾಲದಿಂದಲೂ ಉಂಟು. ಇದರಲ್ಲಿ ಗ್ರಾಹ್ಯವೆಷ್ಟು, ತ್ಯಾಜ್ಯವೆಷ್ಟು ಎಂಬುದನ್ನು ಊರಿನ ಯಜಮಾನರೂ ಭೂಮಾಲೀಕರೂ ವಿಚಾರಮಾಡುವುದು ಅವಶ್ಯಕ.

ಈ ಉರಿಗೆ ಸಾಮಾನ್ಯ ಕಾರಣವು, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಮೂತ್ರಕೋಶವನ್ನು ಸೇರುವುದೇ ಆಗಿದೆ. ಮೂತ್ರನಾಳವು ಗಿಡ್ಡವಾಗಿರುವುದರಿಂದ ಸ್ತ್ರೀಯರಿಗೆ ಈ ಬಾಧೆಯು ಹೆಚ್ಚು. ನೆಗ್ಗಿಲಿನ ಸಾರವು ಪ್ರಯೋಗಶಾಲೆಯಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವುದು ಕಂಡುಬಂದಿದೆ. ಆದರೆ ಗಾಜಿನ ಪಾತ್ರೆಯಲ್ಲಿ ನಡೆದುದು ದೇಹದಲ್ಲಿಯೂ ನಡೆಯುವುದೆಂದು ನಂಬಲಾಗದು. ಯೂರೋಪಿನವರು ಇದೇ ರೋಗಕ್ಕೆ ಬಳಸುವ ಊವಾ ಉರ್ಸಿ ಎಂಬ ಎಲೆಯನ್ನು ಜರ್ಮನಿಯಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದರು. ೨೦೨೧ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಆಂಟಿಬಯಾಟಿಕ್ ಔಷಧಿಯ ಬಳಕೆಯು ತಗ್ಗಿತಾದರೂ ರೋಗಿಗಳ ಬಾಧೆಯು ಹೆಚ್ಚಾಯಿತು.

ಇದಕ್ಕಿಂತ ಸುಲಭವಾದ ಉಪಾಯವು ನೀರು. ಪದೇ ಪದೇ ಈ ರೋಗಕ್ಕೆ ತುತ್ತಾಗುತ್ತಿದ್ದ, ನೀರನ್ನು ಕಡಿಮೆ ಕುಡಿಯುತ್ತಿದ್ದ ೧೪೦ ಮಂದಿ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿಸಲು, ವರ್ಷದಲ್ಲಿ ಅವರಿಗೆ ರೋಗವು ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತೆಂದು ೨೦೧೮ರಲ್ಲಿ ಪ್ರಕಟವಾಯಿತು. ಕಷಾಯದ ಕೀರ್ತಿಯಲ್ಲಿ ಅದರೊಡನೆ ಕುಡಿದ ನೀರಿಗೂ ಪಾಲಿರಬೇಕೆಂದು ನಮ್ಮ ಅಭಿಪ್ರಾಯ.

ಹೀಗಿರಲು, ಕಳೆ ಕೀಳುವ ಹೆಣ್ಣಾಳುಗಳು ಮರೆಯಾದ ಸ್ಥಳವಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ಮೂತ್ರವನ್ನು ತಡೆದು, ಅದಕ್ಕಾಗಿಯೇ ನೀರನ್ನೂ ಕುಡಿಯದಿರುವುದು ಯಾರ ದೋಷ? ಹೊಲದಲ್ಲಿ ಒಂದು ಕೊಡ ಶುದ್ಧಜಲವನ್ನೂ ತಡಿಕೆ ಕಟ್ಟಿದ ಶೌಚಸ್ಥಳವನ್ನೂ ಒದಗಿಸುವುದು ಒಡೆಯರ ಧರ್ಮ. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ.

ನೆಗ್ಗಿಲನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಚಳಿಜ್ವರ, ಪಕ್ಕೆ ಅಥವಾ ಸೊಂಟದ ನೋವು, ವಾಂತಿ, ಮೂತ್ರದಲ್ಲಿ ರಕ್ತ ಇವು ಕಂಡರೆ ರೋಗವು ಮೂತ್ರಪಿಂಡವನ್ನು ಮುಟ್ಟಿರಬಹುದು. ಆಗಲೂ, ಗರ್ಭಿಣಿಯರಿಗೆ, ಮಕ್ಕಳಿಗೆ ಉರಿ ತೋರಿದಾಗಲೂ, ಕಷಾಯವನ್ನು ನಂಬಿ ಕಾಲಹರಣ ಮಾಡದೆ ಅಂದೇ ಆಸ್ಪತ್ರೆಗೆ ಕಳುಹಿಸತಕ್ಕದ್ದು. ವೈದ್ಯರು ಕೊಟ್ಟ ಔಷಧಿಯನ್ನು ನಡುವೆ ಬಿಡಿಸಬಾರದು. ಅಂಗಡಿಯಿಂದ ಬಿಡಿ ಮಾತ್ರೆಗಳನ್ನು ತಂದು ನುಂಗಿಸಲೂಬಾರದು. ಊರಿನ ಹಿರಿಯರು ಈ ಮಾತನ್ನು ಮನೆಮನೆಗೂ ತಿಳಿಯಪಡಿಸುವರೆಂದು ನಂಬುತ್ತೇವೆ.