ಹಳೇ ವಿದ್ಯಾರ್ಥಿ ಅಂದ್ರೆ ಶಾಲು, ಹಾರ, ಗ್ರೂಪ್ ಫೋಟೋ ಅಷ್ಟೇನಾ?

ಡಿಸೆಂಬರ್-ಜನವರಿ ಬಂತಂದ್ರೆ ನಮ್ಮ ಕಡೆ ಪೇಪರಿನಲ್ಲಿ ಎರಡು ಸುದ್ದಿ ತಪ್ಪೋದಿಲ್ಲ. ಒಂದು ಜಾತ್ರೆ, ಇನ್ನೊಂದು ಹಳೇ ವಿದ್ಯಾರ್ಥಿಗಳ ಸಮಾಗಮ. ಎರಡರಲ್ಲೂ ಊಟ ಚೆನ್ನಾಗಿರುತ್ತೆ. ಜಾತ್ರೆಯಲ್ಲಿ ತೇರು ಒಂದಿಷ್ಟಾದರೂ ಮುಂದೆ ಹೋಗುತ್ತೆ, ಸಮಾಗಮದಲ್ಲಿ ಅದೂ ಇಲ್ಲ.

ಒಂದು ಕಲಾ ಕಾಲೇಜಿನ ಇಡೀ ವರ್ಷದ ಸುದ್ದಿ ತೆಗೆದು ನೋಡಿ. ಜೂನ್‌ನಲ್ಲಿ ಬಿ.ಎ.ಗೆ ಸೇರುವವರು ಕಡಿಮೆ ಅನ್ನೋ ಚಿಂತೆ. ಆಮೇಲೆ ಅತಿಥಿ ಉಪನ್ಯಾಸಕರು ಯಾವಾಗ ಬರ್ತಾರೆ ಅನ್ನೋ ಕಾಯುವಿಕೆ. ನಡುವೆ ಪರೀಕ್ಷೆ, ಫಲಿತಾಂಶದ ಗೋಳು. ಕೊನೆಗೆ ಸಮಾಗಮ, ಅಲ್ಲಿ "ನಮ್ಮ ಕಾಲದಲ್ಲಿ ಎಂಥಾ ಮೇಷ್ಟ್ರಿದ್ರು!" ಅಂತ ಭಾಷಣ. ಈಗ ಆ ಕ್ಲಾಸಿನಲ್ಲಿ ಮೇಷ್ಟ್ರು ಇದ್ದಾರಾ ಅಂತ ಮಾತ್ರ ಯಾರೂ ಕೇಳೋದಿಲ್ಲ.

ಧಾರವಾಡದ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಅದಕ್ಕೂ ಮುಂಚೆ ನಮ್ಮ ಭಾಗದ ಹುಡುಗರು ಡಿಗ್ರಿಗೆ ಪುಣೆಯಂಥ ದೂರದ ಊರು ಹಿಡೀಬೇಕಿತ್ತು. ಬೇಂದ್ರೆಯವರು ಓದಿದ್ದು ಪುಣೆಯ ಫರ್ಗ್ಯುಸನ್‌ನಲ್ಲೇ. ಸರ್ಕಾರ ತಾನಾಗೇ ಬಂದು ಕಾಲೇಜು ಕೊಡಲಿಲ್ಲ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಊರೂರು ತಿರುಗಿ ಜನರಿಂದ ದುಡ್ಡು ಕೂಡಿಸಿ, ಸರ್ಕಾರದ ಬೆನ್ನು ಹತ್ತಿ ತಂದರು. ಸದರ್ನ್ ಮರಾಠಾ ರೈಲ್ವೆ ಬಿಟ್ಟುಹೋದ ಕಟ್ಟಡ ಕಾಲೇಜಾಯ್ತು. ಅವರು ಆ ಕಾಲೇಜಿನ "ಅಲುಮ್ನಿ" ಆಗಿರಲಿಲ್ಲ. ಹಾಗಾಗಲು ಅಲ್ಲಿ ಕಾಲೇಜೇ ಇರಲಿಲ್ಲ!

ಅಲ್ಲಿ ಓದಿದ ಗೋಕಾಕರು ಮುಂದೆ ಅಲ್ಲೇ ಪ್ರಿನ್ಸಿಪಾಲರಾದರು. ಗಿರೀಶ ಕಾರ್ನಾಡರು 1958ರಲ್ಲಿ ಅಲ್ಲಿಂದ ಪದವಿ ಪಡೆದದ್ದು ಗಣಿತ, ಸಂಖ್ಯಾಶಾಸ್ತ್ರದಲ್ಲಿ, ಆದದ್ದು ನಾಟಕಕಾರ. ನಮ್ಮೂರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಕೀರ್ತಿನಾಥ ಕುರ್ತಕೋಟಿ ಗುಜರಾತಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾ ಕನ್ನಡದ ದೊಡ್ಡ ವಿಮರ್ಶಕರಾದರು. ಕಲಾ ಶಿಕ್ಷಣದ ಲಾಭ ಇದೇ: ಓದಿದ್ದೊಂದು, ಅರಳಿದ್ದು ಇನ್ನೊಂದು. "ಬಿ.ಎ. ಓದಿ ಏನ್ ಮಾಡ್ತೀಯಪ್ಪಾ?" ಅನ್ನೋರಿಗೆ ಈ ಲೆಕ್ಕ ಅರ್ಥ ಆಗಲ್ಲ.

ಈಗಿನ ಲೆಕ್ಕ ನೋಡಿ. 2021ರ ಡಿಸೆಂಬರಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು. ಅಲ್ಲೀತನಕ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11-13 ಸಾವಿರ. 2022ರ ಜನವರಿಯಲ್ಲಿ ಅದು ಅರ್ಹತೆ ನೋಡಿ 32 ಸಾವಿರದವರೆಗೆ ಏರಿತು, ಕೆಲಸದ ಭದ್ರತೆ ಮಾತ್ರ ಸಿಗಲಿಲ್ಲ. 2021-22ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷ ಆಯ್ತು. ಮಕ್ಕಳು ಚೆಂಡಿನ ಹಾಗೆ ಆ ಕಡೆ ಈ ಕಡೆ. ಇದರ ಬಗ್ಗೆ ಒಂದಾದರೂ ಹಳೇ ವಿದ್ಯಾರ್ಥಿ ಸಂಘ ನಿರ್ಣಯ ಮಾಡಿದ್ದನ್ನ ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ನ್ಯಾಕ್ ತಂಡ ಬರೋ ಹೊತ್ತಿಗೆ ಮಾತ್ರ ಸಂಘಕ್ಕೆ ಜೀವ ಬರುತ್ತೆ, ಯಾಕಂದ್ರೆ ಆ ನಮೂನೆಯಲ್ಲಿ ಹಳೇ ವಿದ್ಯಾರ್ಥಿಗಳಿಗೂ ಅಂಕ!

"ವರ್ಷಕ್ಕೊಮ್ಮೆ ಗೆಳೆಯರು ಸೇರಿ ನಗೋದೂ ತಪ್ಪೇನ್ರೀ?" ಅಂತೀರಿ. ಖಂಡಿತ ತಪ್ಪಲ್ಲ, ನಗ್ರಿ. ಆದ್ರೆ ಅದನ್ನ ಕಾಲೇಜಿಗೆ ಮಾಡಿದ ಉಪಕಾರ ಅಂತ ಕರೀಬೇಡಿ. "ಹುದ್ದೆ ತುಂಬೋದು ಸರ್ಕಾರದ ಕೆಲಸ" ಅಂತಲೂ ಅಂತೀರಿ. ಹೌದು, ಆದರೆ 1917ರಲ್ಲೂ ಅದು ಸರ್ಕಾರದ ಕೆಲಸವೇ ಆಗಿತ್ತು. ಕೇಳೋರು ಇದ್ದರು, ಆಯ್ತು.

ಹೆಚ್ಚೇನೂ ಬೇಡ. ಮುಂದಿನ ಸಮಾಗಮದ ವರದಿಯಲ್ಲಿ ಸನ್ಮಾನದ ಪಟ್ಟಿಗಿಂತ ಮೊದಲು ಮೂರು ಸಾಲು ಇರಲಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ಈ ವರ್ಷ ಲೈಬ್ರರಿಗೆ ಬಂದ ಹೊಸ ಪುಸ್ತಕ ಎಷ್ಟು? ಬಸ್ಸು ಸರಿ ಇಲ್ಲ ಅಂತ ಓದು ಬಿಟ್ಟ ಹಳ್ಳಿಯ ಹೆಣ್ಣುಮಕ್ಕಳು ಎಷ್ಟು? ಆ ಮೂರು ಸಾಲು ಹಿಡಕೊಂಡು ಶಾಸಕರ ಮನೆಗೆ, ಬಸ್ ಡಿಪೋಗೆ ನಾಲ್ಕು ಜನ ಹೋಗಲಿ. ಇಂಜಿನಿಯರು, ವಕೀಲರು, ಅಧಿಕಾರಿಗಳು ಎಲ್ಲಾ ಸಂಘದಲ್ಲಿದ್ದಾರಲ್ಲ, ಅವರ ಮಾತಿಗೆ ತೂಕ ಇದೆ. ಹದಿನೆಂಟರ ಹುಡುಗಿಯ ಅರ್ಜಿಗೆ ಅಷ್ಟು ತೂಕ ಇಲ್ಲ, ಅದಕ್ಕೇ ಹೇಳ್ತಿರೋದು.

ನಿಮ್ಮ ನಿಮ್ಮ ಕಾಲೇಜಿನ ಆ ಮೂರು ಲೆಕ್ಕ ಗೊತ್ತಿದ್ರೆ ಬರೀರಿ. ಗೊತ್ತಿಲ್ಲ ಅಂದ್ರೆ, ನಾಳೆ ಒಂದು ಫೋನ್ ಮಾಡಿ ಕೇಳಿ.